ಆಕಾರ ಮೊದಲು, ಬಣ್ಣ ಆಮೇಲೆ: ಹಳೆಯ ಫೋಟೋಗಳಲ್ಲಿ ಯುದ್ಧವಿಮಾನಗಳನ್ನು ಗುರುತಿಸುವುದು

ಎರಡನೇ ಮಹಾಯುದ್ಧದ ಕಾಲದ ಯುದ್ಧವಿಮಾನದ ಫೋಟೋ ಕೈಗೆ ಬಂದರೆ ನಾವೆಲ್ಲ ಮೊದಲು ಓದುವುದು ಅದರ ಕೆಳಗೆ ಬರೆದಿರುವುದನ್ನು. ಅದನ್ನು ಕೊನೆಯಲ್ಲಿ ಓದಿ ಎಂದು ನಾನು ಕೇಳಿಕೊಳ್ಳುತ್ತೇನೆ. ಆ ಸಾಲನ್ನು ಯಾರೋ ಆಮೇಲೆ ಬರೆದಿರುತ್ತಾರೆ, ಕೆಲವು ಸಲ ಎಷ್ಟೋ ವರ್ಷ ಕಳೆದ ಮೇಲೆ, ಬರೀ ನೆನಪಿನಿಂದ. ಮೊದಲು ವಿಮಾನದ ಆಕಾರ ನೋಡಿ. ಆಮೇಲೆ ಮೈಮೇಲಿನ ಬಣ್ಣ, ಗುರುತು, ಅಕ್ಷರ. ಬರಹ ಕೊನೆಗೆ.

ಆಕಾರಕ್ಕೇ ಯಾಕೆ ಮೊದಲ ಜಾಗ? ಬಣ್ಣ ಬದಲಿಸಲು ಒಂದು ಸಂಜೆ ಸಾಕು. ರೆಕ್ಕೆ ಬದಲಿಸಲು ಕಾರ್ಖಾನೆಯೇ ಬೇಕು. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ.

ಜರ್ಮನಿಯ ಹೈಂಕೆಲ್ ಕಂಪನಿ ಹೈಂಕೆಲ್ 100 ಎಂಬ ವಿಮಾನ ಮಾಡಿತ್ತು. 1939ರ ಮಾರ್ಚ್‌ನಲ್ಲಿ ಅದು ಗಂಟೆಗೆ 746 ಕಿಲೋಮೀಟರ್ ವೇಗದಲ್ಲಿ ಹಾರಿ ವಿಶ್ವದಾಖಲೆ ಮಾಡಿತು. ಆದರೂ ಜರ್ಮನ್ ವಾಯುಪಡೆ ಅದನ್ನು ತೆಗೆದುಕೊಳ್ಳಲಿಲ್ಲ. ಒಂದು ಡಜನ್‌ನಷ್ಟು ವಿಮಾನಗಳು ಕಾರ್ಖಾನೆಯ ಹತ್ತಿರವೇ ಉಳಿದವು. 1940ರಲ್ಲಿ ಪ್ರಚಾರ ಇಲಾಖೆಯವರಿಗೆ ಒಂದು ಉಪಾಯ ಹೊಳೆಯಿತು. ಅವೇ ವಿಮಾನಗಳಿಗೆ ಇಲ್ಲದ ಸ್ಕ್ವಾಡ್ರನ್‌ಗಳ, ಅಂದರೆ ವಿಮಾನ ತುಕಡಿಗಳ, ಲಾಂಛನ ಬಳಿದರು, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಅದನ್ನು ಅಳಿಸಿ ಬೇರೆ ಲಾಂಛನ ಬಳಿದು ಮತ್ತೆ ಫೋಟೋ ತೆಗೆದರು. ‘ನಮ್ಮ ಹೊಸ ಫೈಟರ್ ಹೈಂಕೆಲ್ 113’ ಎಂದು ಪತ್ರಿಕೆಗಳಿಗೆ ಕೊಟ್ಟರು. ಬ್ರಿಟನ್ನಿನ ಗುರುತು ಪುಸ್ತಕಗಳಲ್ಲಿ ಆ ವಿಮಾನಕ್ಕೆ ಜಾಗ ಸಿಕ್ಕಿತು. ಬ್ರಿಟಿಷ್ ಪೈಲಟ್‌ಗಳು ‘ಇವತ್ತು ಹೈಂಕೆಲ್ 113 ಜೊತೆ ಕಾದಾಡಿದೆವು’ ಎಂದು ವರದಿ ಬರೆದರು. ಅವರು ಸುಳ್ಳು ಬರೆದದ್ದಲ್ಲ. ಎದುರಿಗೆ ಬಂದದ್ದು ಜರ್ಮನಿಯ ಮಾಮೂಲಿ ಫೈಟರ್ ಮೆಸರ್‌ಶ್ಮಿಟ್ 109. ಆದರೆ ಕಣ್ಣು ಆಗಲೇ ಆ ಫೋಟೋಗಳನ್ನು ನೋಡಿತ್ತು. ಫೋಟೋ ಎಷ್ಟು ಶಕ್ತಿಯುಳ್ಳ ವಸ್ತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ನನಗೆ ಗೊತ್ತಿಲ್ಲ.

ಹಾಗಾದರೆ ಆಕಾರದಲ್ಲಿ ಏನು ನೋಡಬೇಕು? ಎರಡು ಬ್ರಿಟಿಷ್ ವಿಮಾನಗಳಿಂದ ಶುರು ಮಾಡೋಣ. ಹರಿಕೇನ್ ಮತ್ತು ಸ್ಪಿಟ್‌ಫೈರ್. ಎರಡರಲ್ಲೂ ಒಂದೇ ಎಂಜಿನ್, ರೋಲ್ಸ್ ರಾಯ್ಸ್ ಮರ್ಲಿನ್. ಹರಿಕೇನ್‌ನ ಹಿಂಭಾಗ ನೋಡಿ. ಪೈಲಟ್ ಕೂರುವ ಜಾಗದ ಹಿಂದೆ ಉದ್ದುದ್ದ ಗೆರೆಗಳು ಎದ್ದು ಕಾಣುತ್ತವೆ. ಅಲ್ಲಿರುವುದು ಮರದ ಪಟ್ಟಿಗಳ ಮೇಲೆ ಎಳೆದು ಕಟ್ಟಿದ ಬಟ್ಟೆ. ಸ್ಪಿಟ್‌ಫೈರ್‌ನ ಮೈ ಪೂರ್ತಿ ಲೋಹದ್ದು, ನುಣುಪು. ರೆಕ್ಕೆ ಕಾಣದ, ಬಾಲ ಮಾತ್ರ ಬಿದ್ದಿರುವ ಫೋಟೋದಲ್ಲೂ ಇದೊಂದರಿಂದ ಎರಡನ್ನೂ ಬೇರೆ ಮಾಡಬಹುದು.

ಸ್ಪಿಟ್‌ಫೈರ್ ಎಂದು ಗೊತ್ತಾದ ಮೇಲೆ, ಯಾವ ಮಾರ್ಕ್, ಅಂದರೆ ಎಷ್ಟನೇ ಮಾದರಿ, ಎಂಬುದು ಮುಂದಿನ ಪ್ರಶ್ನೆ. ಮಾರ್ಕ್ 5 ಬಂದದ್ದು 1941ರಲ್ಲಿ, ಮಾರ್ಕ್ 9 ಬಂದದ್ದು 1942ರ ಮಧ್ಯದಲ್ಲಿ. ರೆಕ್ಕೆಯ ಕೆಳಗೆ ನೋಡಿ. ಮಾರ್ಕ್ 5ರಲ್ಲಿ ಬಲ ರೆಕ್ಕೆಯ ಕೆಳಗೆ ದೊಡ್ಡ ರೇಡಿಯೇಟರ್ ಪೆಟ್ಟಿಗೆ ಇದೆ, ಎಡಗಡೆ ಸಣ್ಣ ಆಯಿಲ್ ಕೂಲರ್ ಇದೆ. ಮಾರ್ಕ್ 9ರಲ್ಲಿ ಎರಡೂ ಕಡೆ ಒಂದೇ ಅಳತೆಯ ಪೆಟ್ಟಿಗೆ. ಜೊತೆಗೆ ಅದರ ಮೂತಿ ಉದ್ದ, ಪ್ರೊಪೆಲ್ಲರ್‌ಗೆ ನಾಲ್ಕು ಬ್ಲೇಡ್. ಐದು ಬ್ಲೇಡ್ ಕಂಡರೆ ಅದು ಗ್ರಿಫನ್ ಎಂಜಿನ್‌ನ ಮಾರ್ಕ್ 14 ಅಥವಾ ಇನ್ನೂ ಆಮೇಲಿನದು. ಹಾಗಾಗಿ ನಾಲ್ಕು ಬ್ಲೇಡ್‌ನ ಸ್ಪಿಟ್‌ಫೈರ್ ಫೋಟೋದ ಕೆಳಗೆ ‘1940’ ಎಂದು ಬರೆದಿದ್ದರೆ, ಆ ಬರಹವನ್ನು ಅಲ್ಲಿಗೇ ಬಿಟ್ಟುಬಿಡಬಹುದು.

ಮೆಸರ್‌ಶ್ಮಿಟ್ 109 ಕೂಡ ಹಾಗೆಯೇ. 1940ರ ‘ಇ’ ಮಾದರಿಯಲ್ಲಿ ರೆಕ್ಕೆಯ ತುದಿ ಕತ್ತರಿಸಿದ ಹಾಗೆ ಚೌಕ, ಹಿಂದಿನ ಪುಟ್ಟ ರೆಕ್ಕೆಗಳಿಗೆ ಕೆಳಗಿನಿಂದ ಒಂದೊಂದು ಆಸರೆ ಕಂಬಿ. ಆಮೇಲಿನ ‘ಎಫ್’ ಮಾದರಿಯಲ್ಲಿ ರೆಕ್ಕೆಯ ತುದಿ ದುಂಡಗಾಯಿತು, ಆ ಕಂಬಿ ಹೋಯಿತು. ‘ಜಿ-6’ ಬಂದಾಗ ಪೈಲಟ್‌ನ ಮುಂದೆ, ಮೂತಿಯ ಎರಡೂ ಪಕ್ಕ ಉಬ್ಬುಗಳು ಬಂದವು. ಒಳಗೆ ದೊಡ್ಡ ಬಂದೂಕು ಕೂರಿಸಿದ್ದರಿಂದ ಜಾಗ ಸಾಲದೆ ಬಂದ ಉಬ್ಬು ಅದು.

ಈಗ ಬಣ್ಣಕ್ಕೆ ಬರೋಣ. ಇಲ್ಲಿಯೇ ನನಗೆ ಜಾಸ್ತಿ ಹೊತ್ತು ಬೇಕು. ಯುದ್ಧವಿಮಾನದ ಮೇಲಿನ ಗುರುತುಗಳು ಅಲಂಕಾರಕ್ಕೆ ಅಂತ ಹಲವರು ಭಾವಿಸುತ್ತಾರೆ. ಅಲ್ಲ. ಹೆಚ್ಚಿನವು ಹುಟ್ಟಿದ್ದು ಒಂದು ಭಯದಿಂದ. ನಮ್ಮವರೇ ನಮ್ಮನ್ನು ಹೊಡೆದು ಉರುಳಿಸುತ್ತಾರೆ ಎಂಬ ಭಯ.

1939ರ ಸೆಪ್ಟೆಂಬರ್ 6. ಬ್ರಿಟನ್ ಯುದ್ಧ ಸಾರಿ ಮೂರೇ ದಿನ. ಶತ್ರು ಬರುತ್ತಿದ್ದಾನೆ ಎಂಬ ತಪ್ಪು ಸೂಚನೆ ಸಿಕ್ಕಿ ನಾರ್ತ್ ವೀಲ್ಡ್ ವಾಯುನೆಲೆಯಿಂದ 56ನೇ ಸ್ಕ್ವಾಡ್ರನ್‌ನ ಹರಿಕೇನ್‌ಗಳು ಮೇಲೇರಿದವು. ಹಾರ್ನ್‌ಚರ್ಚ್ ನೆಲೆಯಿಂದ 74ನೇ ಸ್ಕ್ವಾಡ್ರನ್‌ನ ಸ್ಪಿಟ್‌ಫೈರ್‌ಗಳೂ ಹೊರಟವು. ಸ್ಪಿಟ್‌ಫೈರ್‌ಗಳು ಆ ಹರಿಕೇನ್‌ಗಳನ್ನೇ ಶತ್ರು ಎಂದುಕೊಂಡವು. ಎರಡು ಹರಿಕೇನ್ ಉರುಳಿದವು. ಮಾಂಟೇಗ್ ಹಲ್ಟನ್-ಹ್ಯಾರಪ್ ಎಂಬ ಯುವಕ ಸತ್ತರು. ಆ ಯುದ್ಧದಲ್ಲಿ ಪ್ರಾಣ ಕಳೆದುಕೊಂಡ ಮೊದಲ ಬ್ರಿಟಿಷ್ ಫೈಟರ್ ಪೈಲಟ್ ಅವರು, ಸತ್ತದ್ದು ತಮ್ಮವರ ಗುಂಡಿಗೆ. ಮುಂದಿನ ಆರು ವರ್ಷ ಗುರುತುಗಳು ಮತ್ತೆ ಮತ್ತೆ ಬದಲಾದವು. ಪ್ರತಿ ಬದಲಾವಣೆಗೂ ಒಂದು ಆದೇಶ, ಆ ಆದೇಶಕ್ಕೊಂದು ತಾರೀಕು. ಹಾಗಾಗಿಯೇ ಇವತ್ತು ನಾವು ಫೋಟೋ ನೋಡಿ ಕಾಲ ಹೇಳಬಹುದು.

ಬ್ರಿಟಿಷ್ ವಿಮಾನದ ವೃತ್ತ ಗುರುತಿಗೆ ರೌಂಡೆಲ್ ಎನ್ನುತ್ತಾರೆ. ನಡುವೆ ಕೆಂಪು, ಸುತ್ತ ಬಿಳಿ, ಹೊರಗೆ ನೀಲಿ. 1940ರ ಮೇ ತಿಂಗಳಲ್ಲಿ ಮೈಯ ಪಕ್ಕದ ರೌಂಡೆಲ್‌ಗೆ ಹೊರಗಿನಿಂದ ದಪ್ಪ ಹಳದಿ ಉಂಗುರ ಸೇರಿತು. ಬಾಲದ ಮೇಲೆ ಮೂರು ಬಣ್ಣದ ಪಟ್ಟಿ ಬಂತು. 1942ರ ಮಧ್ಯದಲ್ಲಿ ಬಿಳಿ ಮತ್ತು ಹಳದಿ ಉಂಗುರಗಳು ತೆಳ್ಳಗಾದವು, ಯಾಕೆಂದರೆ ಅವು ದೂರಕ್ಕೆ ಹೊಳೆಯುತ್ತಿದ್ದವು. ಹಳದಿ ಉಂಗುರ ದಪ್ಪಗಿದೆಯೋ ತೆಳ್ಳಗಿದೆಯೋ ಎಂಬುದೊಂದರಿಂದಲೇ ಫೋಟೋ 1942ರ ಆ ಕಡೆಯದೋ ಈ ಕಡೆಯದೋ ಎಂದು ಹೇಳಬಹುದು.

ಕೆಲವು ಗುರುತುಗಳು ಇನ್ನೂ ಹತ್ತಿರಕ್ಕೆ ಕರೆದೊಯ್ಯುತ್ತವೆ. 1940ರ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಫೈಟರ್‌ಗಳ ಬಾಲದ ಮುಂದೆ, ಮೈ ಸುತ್ತ, ತಿಳಿ ಬಣ್ಣದ ಒಂದು ಪಟ್ಟಿ ಬಂತು. ಪ್ರೊಪೆಲ್ಲರ್‌ನ ಮೂತಿಗೂ ಅದೇ ತಿಳಿ ಬಣ್ಣ. ಅದೇ ಆದೇಶದಲ್ಲಿ ಎಡ ರೆಕ್ಕೆಯ ಕೆಳಭಾಗಕ್ಕೆ ಕಪ್ಪು ಬಳಿಯಲು ಹೇಳಿದರು. ಬಾಲದ ಪಟ್ಟಿ ವರ್ಷಗಟ್ಟಲೆ ಉಳಿಯಿತು. ಕಪ್ಪು ರೆಕ್ಕೆ 1941ರ ಏಪ್ರಿಲ್‌ನಲ್ಲಿ ಹೋಯಿತು. ಅಂದರೆ ಪಟ್ಟಿಯೂ ಇದೆ, ಎಡ ರೆಕ್ಕೆಯ ಕೆಳಗೆ ಕಪ್ಪೂ ಇದೆ ಎಂದರೆ ನಿಮ್ಮ ಫೋಟೋ ಹೆಚ್ಚುಕಡಿಮೆ ಐದು ತಿಂಗಳ ಒಳಗೆ ಬಂದು ನಿಂತಿತು. ಇನ್ನೊಂದು ಮಾತು. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಜರ್ಮನರ ಜೊತೆ ನಡೆದ ‘ಬ್ಯಾಟಲ್ ಆಫ್ ಬ್ರಿಟನ್’ ಕದನ ಮುಗಿದದ್ದು ಅಕ್ಟೋಬರ್ 31ಕ್ಕೆ ಎಂದು ಬ್ರಿಟಿಷರ ಲೆಕ್ಕ. ಬಾಲದ ಪಟ್ಟಿ ಬಂದದ್ದು ಆಮೇಲೆ. ಆ ಕದನದ ಫೋಟೋ ಎಂದು ಅಚ್ಚಾಗುವ ಎಷ್ಟೋ ಚಿತ್ರಗಳಲ್ಲಿ ಈ ಪಟ್ಟಿ ಕಾಣುತ್ತದೆ. ಮುಂದಿನ ಸಲ ನೋಡಿದಾಗ ನೀವೇ ಪರೀಕ್ಷಿಸಿ.

ಇಲ್ಲಿ ಒಂದು ದೊಡ್ಡ ತೊಡಕಿದೆ. ಇವೆಲ್ಲ ಕಪ್ಪು ಬಿಳುಪು ಫೋಟೋಗಳು. ಕೆಂಪು, ನೀಲಿ, ಹಳದಿ ಎಲ್ಲವೂ ಬರೀ ಬೂದು. ಆಗ ಎರಡು ಬಗೆಯ ಫಿಲ್ಮ್ ಬಳಕೆಯಲ್ಲಿತ್ತು. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಎಲ್ಲ ಬಣ್ಣಗಳ ಬೆಳಕನ್ನೂ ಹಿಡಿಯುತ್ತದೆ. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದೇ ಇಲ್ಲ. ಅದರಲ್ಲಿ ಕೆಂಪು ಕಪ್ಪಾಗುತ್ತದೆ, ಹಳದಿಯೂ ಗಾಢವಾಗುತ್ತದೆ, ನೀಲಿ ಮಾತ್ರ ತಿಳಿಯಾಗಿ ಬೆಳಗುತ್ತದೆ. ಹಳದಿ ಉಂಗುರ ಇರುವ ರೌಂಡೆಲ್ ಈ ಫಿಲ್ಮ್‌ನಲ್ಲಿ ವಿಚಿತ್ರವಾಗಿ ಕಾಣುತ್ತದೆ. ಹೊರಗಿನ ಹಳದಿ ಕಪ್ಪು ಉಂಗುರವಾಗುತ್ತದೆ, ಹಿಂದಿನ ಬಣ್ಣದಲ್ಲಿ ಬೆರೆತು ಮಾಯವೂ ಆಗಬಹುದು. ‘ಹಳದಿ ಇಲ್ಲ, ಹಾಗಾಗಿ 1940ರ ಮೇ ತಿಂಗಳಿಗಿಂತ ಮೊದಲು’ ಎಂದು ತೀರ್ಮಾನಿಸಿದರೆ ಕೆಟ್ಟಿತು.

ಫಿಲ್ಮ್ ಯಾವುದು ಎಂದು ಹೇಗೆ ತಿಳಿಯುವುದು? ಬಾಲದ ಪಟ್ಟಿ ನೋಡಿ. ಅದರಲ್ಲಿ ಕೆಂಪು ಯಾವಾಗಲೂ ಮುಂದೆ, ಮೂತಿಯ ಕಡೆಗೆ. ನೀಲಿ ಹಿಂದೆ. ಎಡಗಡೆಯಿಂದ ನೋಡಿದರೂ ಬಲಗಡೆಯಿಂದ ನೋಡಿದರೂ ಇದೇ ಕ್ರಮ. ಮುಂದಿನ ಪಟ್ಟಿ ಕಡುಕಪ್ಪಾಗಿ, ಹಿಂದಿನದು ತಿಳಿಯಾಗಿ ಕಂಡರೆ ಫಿಲ್ಮ್ ಆರ್ಥೊ. ಎರಡೂ ಸುಮಾರಾಗಿ ಒಂದೇ ಥರ ಗಾಢವಾಗಿದ್ದರೆ ಪ್ಯಾನ್. ಫೋಟೋ ಒಳಗೇ ಅದರ ಅಳತೆಗೋಲೂ ಇದೆ, ಅಲ್ವಾ? ಬಣ್ಣದ ಬಗ್ಗೆ ಏನೇ ಹೇಳುವ ಮೊದಲು ನಾನು ಈ ಪಟ್ಟಿಯನ್ನೇ ನೋಡುತ್ತೇನೆ.

ಪಟ್ಟೆಗಳ ಕಥೆಗೆ ಬರೋಣ. 1944ರ ಜೂನ್ ಮೊದಲ ವಾರ, ಫ್ರಾನ್ಸ್‌ನ ನಾರ್ಮಂಡಿ ತೀರದ ಮೇಲಿನ ದಾಳಿಗೆ ಸ್ವಲ್ಪ ಮುಂಚೆ, ಮಿತ್ರಪಡೆಗಳು ತಮ್ಮ ಸಾವಿರಾರು ವಿಮಾನಗಳಿಗೆ ಕಪ್ಪು ಬಿಳಿ ಪಟ್ಟೆ ಬಳಿದವು. ಮೂರು ಬಿಳಿ, ಎರಡು ಕಪ್ಪು. ಒಂಟಿ ಎಂಜಿನ್ ವಿಮಾನದಲ್ಲಿ ಒಂದೊಂದು ಪಟ್ಟೆ 18 ಇಂಚು ಅಗಲ. ಗುಟ್ಟು ಹೊರಬೀಳಬಾರದು ಎಂದು ಕೊನೆಯ ಗಳಿಗೆಯಲ್ಲಿ ಆದೇಶ ಕೊಟ್ಟರು. ನೆಲದ ಸಿಬ್ಬಂದಿ ಬ್ರಷ್ ಹಿಡಿದು ಅವಸರದಲ್ಲಿ ಬಳಿದರು. ಹಾಗಾಗಿ ಅಂಚು ಸೊಟ್ಟಪಟ್ಟ. ನೇರವಾದ, ಚೊಕ್ಕವಾದ ಪಟ್ಟೆ ಕಂಡರೆ ಅದು ಕಾರ್ಖಾನೆಯಲ್ಲಿ ಅಥವಾ ಆಮೇಲೆ ಬಿಡುವಾಗಿ ಬಳಿದದ್ದು ಇರಬಹುದು. ಜುಲೈನಿಂದ ಮೈಯ ಮೇಲ್ಭಾಗದ ಪಟ್ಟೆ ಅಳಿಸಲು ಶುರು ಮಾಡಿದರು, ವರ್ಷದ ಕೊನೆಗೆ ಪೂರ್ತಿ ತೆಗೆದರು. ಹೊಟ್ಟೆಯ ಕೆಳಗೆ ಮಾತ್ರ ಪಟ್ಟೆ ಇದ್ದರೆ 1944ರ ಮಳೆಗಾಲದಿಂದ ಚಳಿಗಾಲದ ನಡುವಿನದು ಎಂದುಕೊಳ್ಳಿ. ನಮ್ಮ ಮಳೆಗಾಲದ ಲೆಕ್ಕದಲ್ಲಿ ಹೇಳಿದೆ, ಅಲ್ಲಿ ಅದು ಬೇಸಿಗೆ.

ಆದರೆ ಪಟ್ಟೆ ಕಂಡ ಕೂಡಲೇ ನಾರ್ಮಂಡಿ ಎನ್ನಬೇಡಿ. ಹಾಕರ್ ಟೈಫೂನ್ ಎಂಬ ಇನ್ನೊಂದು ಬ್ರಿಟಿಷ್ ಫೈಟರ್ ಇತ್ತು. ದೂರದಿಂದ ಅದು ಜರ್ಮನಿಯ ಫೋಕೆವುಲ್ಫ್ 190 ಹಾಗೆ ಕಾಣುತ್ತಿತ್ತು. ಬ್ರಿಟಿಷರೇ ಹಲವು ಟೈಫೂನ್‌ಗಳನ್ನು ಹೊಡೆದರು. ಹಾಗಾಗಿ 1942ರ ಡಿಸೆಂಬರ್‌ನಿಂದ ಅದರ ರೆಕ್ಕೆಗಳ ಕೆಳಗೆ ಕಪ್ಪು ಬಿಳಿ ಪಟ್ಟೆ ಬಂತು. ಒಂದೊಂದು ರೆಕ್ಕೆಗೆ ನಾಲ್ಕು ಕಪ್ಪು, ನಡುವೆ ಮೂರು ಬಿಳಿ. ಕಪ್ಪು 12 ಇಂಚು, ಬಿಳಿ 24 ಇಂಚು. 1944ರ ಫೆಬ್ರವರಿಯಲ್ಲಿ ಇದನ್ನು ತೆಗೆದರು. ಎಣಿಸಿದರೆ ಸಾಕು, ಗೊಂದಲ ಇಲ್ಲ. ಹೊರಗಿನ ಪಟ್ಟೆ ಬಿಳಿಯಾದರೆ ನಾರ್ಮಂಡಿ, ಕಪ್ಪಾದರೆ ಹಳೆಯ ಟೈಫೂನ್.

ಟೈಫೂನ್ ಮೊದಲು ಸಿಕ್ಕಿದ್ದು 56ನೇ ಸ್ಕ್ವಾಡ್ರನ್‌ಗೆ, 1941ರಲ್ಲಿ. ಯುದ್ಧದ ಮೊದಲ ವಾರವೇ ಹಲ್ಟನ್-ಹ್ಯಾರಪ್ ಅವರನ್ನು ಕಳೆದುಕೊಂಡ ಸ್ಕ್ವಾಡ್ರನ್ ಅದೇ. ಬ್ರಿಟಿಷ್ ವಿಮಾನದ ಪಕ್ಕದಲ್ಲಿ ದೊಡ್ಡದಾಗಿ ಬರೆದ ಎರಡು ಅಕ್ಷರ ಸ್ಕ್ವಾಡ್ರನ್‌ನದು, ರೌಂಡೆಲ್‌ನ ಇನ್ನೊಂದು ಕಡೆಯ ಒಂದು ಅಕ್ಷರ ಆ ವಿಮಾನದ್ದು. ಯುದ್ಧ ಶುರುವಾದಾಗ ಎಲ್ಲ ಸ್ಕ್ವಾಡ್ರನ್‌ಗಳ ಅಕ್ಷರ ಬದಲಿಸಿದರು. 56ಕ್ಕೆ ಇದ್ದ ‘ಎಲ್‌ಆರ್’ ಹೋಗಿ ‘ಯುಎಸ್’ ಬಂತು. ಈಗ ಯೋಚಿಸಿ. ಪಟ್ಟೆ ಇರುವ ವಿಮಾನ, ಪಕ್ಕದಲ್ಲಿ ಯುಎಸ್ ಎಂಬ ಅಕ್ಷರ. ನೋಡಿದವರು ‘ನಾರ್ಮಂಡಿ ದಿನದ ಅಮೆರಿಕನ್ ವಿಮಾನ’ ಎಂದುಬಿಡುತ್ತಾರೆ. ಅದು 1943ರ ಬ್ರಿಟಿಷ್ ಟೈಫೂನ್. ಅಕ್ಷರವನ್ನು ಅಕ್ಷರವಾಗಿ ಮಾತ್ರ ನೋಡಬೇಕು, ಅದಕ್ಕೆ ಅರ್ಥ ಹುಡುಕಬಾರದು. ಹಲವು ಸ್ಕ್ವಾಡ್ರನ್‌ಗಳನ್ನು ಒಟ್ಟಿಗೆ ಮುನ್ನಡೆಸುವ ವಿಂಗ್ ಕಮಾಂಡರ್‌ಗಳು ಮಾತ್ರ ಇದಕ್ಕೆ ಹೊರತು. ಅವರು ತಮ್ಮ ಹೆಸರಿನ ಅಕ್ಷರಗಳನ್ನೇ ಬರೆಸಿಕೊಳ್ಳಬಹುದಿತ್ತು. ಡಗ್ಲಸ್ ಬೇಡರ್ ವಿಮಾನದ ಮೇಲೆ ‘ಡಿಬಿ’ ಇತ್ತು, ಜಾನಿ ಜಾನ್ಸನ್ ವಿಮಾನದ ಮೇಲೆ ‘ಜೆಇ-ಜೆ’.

ಈಗ ನಮ್ಮ ಕಡೆಗೆ ಬರೋಣ. 1941ರ ಡಿಸೆಂಬರ್‌ನಲ್ಲಿ ಜಪಾನ್ ಯುದ್ಧಕ್ಕೆ ಇಳಿಯಿತು. ಜಪಾನೀ ವಿಮಾನದ ಗುರುತು ಕೆಂಪು ಸೂರ್ಯ. ಬ್ರಿಟಿಷ್ ರೌಂಡೆಲ್ ನಡುವೆಯೂ ಕೆಂಪು ಚುಕ್ಕೆ, ಅಮೆರಿಕದ ನಕ್ಷತ್ರದ ನಡುವೆಯೂ ಕೆಂಪು ಚುಕ್ಕೆ. ಆಕಾಶದಲ್ಲಿ ಅರೆಕ್ಷಣ ಕೆಂಪು ಕಂಡರೆ ಗುಂಡು ಹಾರುತ್ತದೆ. 1942ರ ಮೇ ತಿಂಗಳಲ್ಲಿ ಅಮೆರಿಕ ಆ ಚುಕ್ಕೆ ತೆಗೆಯಿತು. ಭಾರತ, ಬರ್ಮಾ ಕಡೆಯ ಬ್ರಿಟಿಷ್ ವಿಮಾನಗಳಲ್ಲೂ ಕೆಂಪು ಹೋಯಿತು. ಮೊದಲು ಅದರ ಮೇಲೆ ಬಿಳಿ ಬಳಿದರು, ಆಮೇಲೆ ಗಾಢ ನೀಲಿ ನಡುವೆ ತಿಳಿ ನೀಲಿಯ ಸಣ್ಣ ರೌಂಡೆಲ್ ಬಂತು. ಇಂಡಿಯನ್ ಏರ್ ಫೋರ್ಸ್‌ನ ಹರಿಕೇನ್‌ಗಳಲ್ಲೂ ಅದೇ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದು ಈ ಗುರುತಿನ ಹರಿಕೇನ್‌ಗಳನ್ನೇ. ಎರಡೇ ಬಣ್ಣದ ಚಿಕ್ಕ ರೌಂಡೆಲ್, ರೆಕ್ಕೆಗೂ ಬಾಲಕ್ಕೂ ಅಡ್ಡ ಬಿಳಿ ಪಟ್ಟಿ ಕಂಡರೆ ಯುರೋಪ್ ಮರೆತುಬಿಡಿ. ಅದು ನಮ್ಮ ದಿಕ್ಕಿನ ವಿಮಾನ.

ಎಷ್ಟು ಹತ್ತಿರ ಅಂದರೆ, ಯಲಹಂಕದಷ್ಟು ಹತ್ತಿರ. 1944ರಲ್ಲಿ ಹರಿಕೇನ್ ಬಿಟ್ಟು ಅಮೆರಿಕದ ಥಂಡರ್‌ಬೋಲ್ಟ್‌ಗೆ ಬದಲಾಗುತ್ತಿದ್ದ ಹಲವು ಬ್ರಿಟಿಷ್ ಸ್ಕ್ವಾಡ್ರನ್‌ಗಳು ಯಲಹಂಕಕ್ಕೆ ಬಂದು ಅದನ್ನು ಹಾರಿಸಲು ಕಲಿತು ಬರ್ಮಾ ಕಡೆಗೆ ಹೋದವು. ಥಂಡರ್‌ಬೋಲ್ಟ್ ಗುರುತಿಸುವುದು ಸುಲಭ. ಅಷ್ಟು ದಪ್ಪ ಹೊಟ್ಟೆಯ ಒಂಟಿ ಎಂಜಿನ್ ಫೈಟರ್ ಇನ್ನೊಂದಿಲ್ಲ. ಪೈಲಟ್‌ನ ಬೆನ್ನ ಹಿಂದೆ ಮೈ ಏರಿ ಚೂಪಾಗಿದ್ದರೆ ಮಾರ್ಕ್ 1, ಸುತ್ತಲೂ ಕಾಣುವ ಗಾಜಿನ ಗುಳ್ಳೆ ಇದ್ದರೆ ಮಾರ್ಕ್ 2.

ಬರ್ಮಾ ಎಂದಾಗ ಒಂದು ತಪ್ಪನ್ನು ಹೇಳಲೇಬೇಕು. ಅಲ್ಲಿ ಬಿದ್ದ ಪ್ರತಿ ಜಪಾನೀ ಫೈಟರ್‌ನ ಫೋಟೋ ಕೆಳಗೂ ‘ಝೀರೋ’ ಎಂದು ಬರೆದಿರುತ್ತಾರೆ. ಝೀರೋ ಜಪಾನೀ ನೌಕಾಪಡೆಯದ್ದು. 1942ರ ಏಪ್ರಿಲ್‌ನಲ್ಲಿ ಕೊಲಂಬೊ ಮತ್ತು ಟ್ರಿಂಕೋಮಲಿ ಮೇಲೆ ಬಂದದ್ದು ಝೀರೋ ನಿಜ. ಬರ್ಮಾದಲ್ಲಿ ಹೆಚ್ಚಾಗಿ ಹಾರಿದ್ದು ಭೂಸೇನೆಯ ನಕಾಜಿಮಾ ಕಿ-43 ಹಯಾಬುಸಾ. ಆಗಿನ ಪೈಲಟ್‌ಗಳೇ ಎರಡನ್ನೂ ಝೀರೋ ಎನ್ನುತ್ತಿದ್ದರು, ಆ ರೂಢಿ ಫೋಟೋಗಳಿಗೂ ಅಂಟಿತು. ಝೀರೋದ ಗಾಜಿನ ಮುಚ್ಚಳ ಉದ್ದ, ಕಂಬಿಗಳು ಜಾಸ್ತಿ, ರೆಕ್ಕೆಯಲ್ಲಿ ಫಿರಂಗಿ ಇದೆ. ಹಯಾಬುಸಾದ ಮುಚ್ಚಳ ಗಿಡ್ಡ. ಅದರ ರೆಕ್ಕೆಯಲ್ಲಿ ಬಂದೂಕೇ ಇಲ್ಲ, ಎರಡೂ ಮೂತಿಯ ಮೇಲಿವೆ.

ದೇಶದ ಗುರುತು ಕೂಡ ಮೋಸ ಮಾಡುತ್ತದೆ. 1942ರ ಜೂನ್‌ನಲ್ಲಿ ಜರ್ಮನ್ ಪೈಲಟ್ ಆರ್ಮಿನ್ ಫಾಬರ್ ದಿಕ್ಕು ತಪ್ಪಿ ವೇಲ್ಸ್‌ನ ಪೆಂಬ್ರಿಯಲ್ಲಿ ಇಳಿದುಬಿಟ್ಟರು. ಅವರ ಫೋಕೆವುಲ್ಫ್ 190ಕ್ಕೆ ಬ್ರಿಟಿಷರು ರೌಂಡೆಲ್ ಬಳಿದು ಹಾರಿಸಿ ಪರೀಕ್ಷಿಸಿದರು. ಅಲಾಸ್ಕಾ ಕಡೆಯ ದ್ವೀಪದಲ್ಲಿ ಸಿಕ್ಕ ಒಂದು ಝೀರೋ ಅಮೆರಿಕದ ನಕ್ಷತ್ರ ಹೊತ್ತು ಹಾರಿತು. ಫಿನ್ಲೆಂಡ್ ವಾಯುಪಡೆ 1918ರಿಂದಲೇ ನೀಲಿ ಸ್ವಸ್ತಿಕ ಬಳಸುತ್ತಿತ್ತು, ಹಿಟ್ಲರ್‌ಗೂ ಅದಕ್ಕೂ ಸಂಬಂಧ ಇರಲಿಲ್ಲ. ಅಮೆರಿಕದಲ್ಲಿ ಮಾಡಿದ ಬ್ರೂಸ್ಟರ್ ಫೈಟರ್ ಮೇಲೆ ಸ್ವಸ್ತಿಕ ಕಂಡರೆ ಅದು ಜರ್ಮನರು ಹಿಡಿದ ವಿಮಾನವಲ್ಲ, ಫಿನ್ಲೆಂಡ್‌ನದು.

ನೆಗೆಟಿವ್ ತಿರುವಿ ಅಚ್ಚು ಹಾಕಿರುವ ಫೋಟೋಗಳೂ ಇರುತ್ತವೆ. ಅಕ್ಷರ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಇಲ್ಲದಿದ್ದರೆ ಆಕಾರವನ್ನೇ ಕೇಳಿ. ಸ್ಪಿಟ್‌ಫೈರ್‌ನ ಪುಟ್ಟ ಬಾಗಿಲು ಎಡಗಡೆ. ಮೆಸರ್‌ಶ್ಮಿಟ್ 109ರ ಮೂತಿಯ ಗಾಳಿ ಕೊಳವೆ ಎಡಗಡೆ, ಅದರ ಗಾಜಿನ ಮುಚ್ಚಳ ತೆರೆದು ಬೀಳುವುದು ಬಲಗಡೆಗೆ. ಪಕ್ಕದಲ್ಲಿ ಪೈಲಟ್ ನಿಂತಿದ್ದರೆ ಎದೆ ನೋಡಿ. ಬ್ರಿಟಿಷ್ ಮತ್ತು ಭಾರತೀಯ ಪೈಲಟ್‌ಗಳ ರೆಕ್ಕೆ ಬ್ಯಾಡ್ಜ್ ಎಡ ಎದೆಯ ಮೇಲೆ. ಇನ್ನು, ಸ್ಕ್ವಾಡ್ರನ್ ಅಕ್ಷರ ಇರಬೇಕಾದ ಜಾಗ ಖಾಲಿ ಇದ್ದು ಅಲ್ಲಿ ಮಸುಕು ಕಂಡರೆ ಗಾಬರಿ ಬೇಡ. ಯುದ್ಧಕಾಲದ ಸೆನ್ಸಾರ್‌ನವರು ಅಕ್ಷರ, ರೇಡಾರ್ ಆಂಟೆನಾ ಇಂಥವನ್ನು ಫೋಟೋ ಮೇಲೆ ಅಳಿಸಿಯೇ ಪತ್ರಿಕೆಗೆ ಬಿಡುತ್ತಿದ್ದರು.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಬಾಲದ ಹತ್ತಿರ ಚಿಕ್ಕದಾಗಿ ಬರೆದ ಸೀರಿಯಲ್ ನಂಬರ್. ಸ್ಕ್ವಾಡ್ರನ್ ಅಕ್ಷರ ಬದಲಾಗುತ್ತಿರುತ್ತದೆ. ಸೀರಿಯಲ್ ಮಾತ್ರ ಗಾಡಿಯ ಚಾಸಿ ನಂಬರ್ ಇದ್ದ ಹಾಗೆ, ಕೊನೆಯವರೆಗೆ ಅದೇ. ಮೊದಲ ಸ್ಪಿಟ್‌ಫೈರ್‌ನದು ಕೆ5054. ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸ್ಕ್ವಾಡ್ರನ್‌ಗಳ ದಿನಚರಿ ಪುಸ್ತಕಗಳಿವೆ, ‘ಏರ್ 27’ ಎಂಬ ಸಾಲಿನಲ್ಲಿ. ಯಾವ ದಿನ ಯಾರು ಯಾವ ವಿಮಾನ ಹತ್ತಿದರು, ಎಷ್ಟು ಹೊತ್ತಿಗೆ ಇಳಿದರು ಎಂದು ಅವುಗಳಲ್ಲಿ ಬರೆದಿರುತ್ತಾರೆ. ಫೋಟೋದಲ್ಲಿ ಆ ನಂಬರ್ ಸ್ಪಷ್ಟವಾಗಿ ಓದಲು ಬಂದರೆ, ಒಬ್ಬ ಮನುಷ್ಯನ ಹೆಸರಿನವರೆಗೆ ಹೋಗಬಹುದು.

ಬೆಂಗಳೂರಿನ ಮನೆಗಳಲ್ಲಿ ಇಂಥ ಫೋಟೋಗಳು ಈಗಲೂ ಇವೆ ಎಂದು ನಾನು ನಂಬುತ್ತೇನೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದರು. ಅಲ್ಲಿ ಹಾರ್ಲೋ ತರಬೇತಿ ವಿಮಾನ, ಕರ್ಟಿಸ್ ಹಾಕ್ ಫೈಟರ್ ಜೋಡಿಸಿದರು. 1943ರಿಂದ ಅಮೆರಿಕದ ವಾಯುಸೇನೆ ಅದನ್ನು ತನ್ನ ವಿಮಾನಗಳ ದುರಸ್ತಿಗೆ ತೆಗೆದುಕೊಂಡಿತು. ಅಲ್ಲಿ ದುಡಿದ ನಮ್ಮೂರ ಫಿಟ್ಟರ್‌ಗಳು, ಮೆಕ್ಯಾನಿಕ್‌ಗಳು ಎಷ್ಟೋ ಜನ. ತಾತ ಒಂದು ವಿಮಾನದ ಮುಂದೆ ನಿಂತಿರುವ ಫೋಟೋ ಸಿಕ್ಕರೆ ಹಿಂದಿನ ನಕ್ಷತ್ರ ನೋಡಿ. ನಡುವೆ ಚುಕ್ಕೆ ಇದ್ದರೆ ಆ ಗುರುತು 1942ರ ಮೇ ತಿಂಗಳಿಗಿಂತ ಹಿಂದಿನದು. ನಕ್ಷತ್ರದ ಎರಡೂ ಪಕ್ಕ ಬಿಳಿ ಪಟ್ಟಿ ಇದ್ದರೆ 1943ರ ಜೂನ್ ಕೊನೆಯ ಆಚೆಯದು. ನಕ್ಷತ್ರದ ಬದಲು ಅಶೋಕ ಚಕ್ರ ಇದ್ದರೆ ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಕೆಲವು ವರ್ಷ. ಕಾಶ್ಮೀರದಲ್ಲಿ ಹೋರಾಡಿದ ಟೆಂಪೆಸ್ಟ್ ಫೈಟರ್‌ಗಳ ಕಾಲ ಅದು. ದೆಹಲಿಗೆ ಹೋದರೆ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲಿ ಟೆಂಪೆಸ್ಟ್, ಸ್ಪಿಟ್‌ಫೈರ್, ಹರಿಕೇನ್ ಮೂರನ್ನೂ ಹತ್ತಿರದಿಂದ ನೋಡಿ ಕಣ್ಣು ಪಳಗಿಸಿಕೊಳ್ಳಬಹುದು.

ಅಂಥ ಫೋಟೋ ಸಿಕ್ಕರೆ ಅಂಚು ಕತ್ತರಿಸಬೇಡಿ. ಸೀರಿಯಲ್ ನಂಬರ್ ಎಷ್ಟೋ ಸಲ ಅಂಚಿನಲ್ಲೇ ಇರುತ್ತದೆ. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ, ಸ್ಟುಡಿಯೋ ಮುದ್ರೆಯೋ ತಾರೀಕೋ ಸಿಗಬಹುದು. ವಿಮಾನ ಯಾವುದು ಎಂದು ಇನ್ನು ಐವತ್ತು ವರ್ಷ ಕಳೆದ ಮೇಲೂ ಯಾರಾದರೂ ಹೇಳುತ್ತಾರೆ. ದಿನಚರಿ ಪುಸ್ತಕಗಳಲ್ಲಿ ಪೈಲಟ್‌ಗಳ ಹೆಸರಿದೆ. ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಂತ ಮೆಕ್ಯಾನಿಕ್‌ನ ಹೆಸರು ಅವುಗಳಲ್ಲಿ ಸಿಗುವುದು ತೀರಾ ಅಪರೂಪ. ಅದು ಗೊತ್ತಿರುವ ಹಿರಿಯರು ಮನೆಯಲ್ಲಿದ್ದರೆ ಈ ವಾರವೇ ಅವರ ಪಕ್ಕ ಕೂತು ಕೇಳಿ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಫೋಟೋ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂದಿನ ಚಿತ್ರದ ಮೇಲೆ ಮೂಡುತ್ತದೆ.